ಒಳಗೆ ಗ್ಯಾಸು, ಆಚೆ ರಾಡು

ಆಷಾಢ ಹೊಕ್ಕಿತೆಂದರೆ ತಾಳವಾಡಿ ಬಯಲಿನಲ್ಲಿ ಗಾಳಿಯದೇ ದರಬಾರು. ನೀಲಗಿರಿಯ ಆಚೆ ಮಗ್ಗುಲಲ್ಲಿ ಮಳೆ ಸುರಿಸಿ ಹಗುರಾದ ಮುಂಗಾರು ಗಾಳಿ ಈ ಎತ್ತರದ ನೆಲದ ಮೇಲೆ ಹಗಲಿಡೀ ಬೀಸುತ್ತದೆ. ಬಾಳೆ ಬೆಳೆದವರು ಗೊನೆ ಹೊತ್ತ ಗಿಡಗಳಿಗೆ ಊರುಗೋಲು ಕೊಡುತ್ತಾರೆ. ತಗಡಿನ ಚಾವಣಿಯವರು ನಟ್ಟು ಬೋಲ್ಟು ಬಿಗಿ ಮಾಡಿಸುತ್ತಾರೆ. ವೆಲ್ಡಿಂಗ್ ಅಂಗಡಿಯವರು ತಮ್ಮ ಕೆಲಸವನ್ನು ಎರಡು ಪಾಲು ಮಾಡಿಕೊಳ್ಳುತ್ತಾರೆ. ಸಿಲಿಂಡರ್ ಬೇಡುವ ಕೆಲಸ ಗೋಡೆಯ ಒಳಗೆ, ರಾಡು ಹಿಡಿದು ಮಾಡುವ ಕೆಲಸ ಆಚೆ ರಸ್ತೆ ಬದಿಯಲ್ಲಿ.

ಈ ತಾಳವಾಡಿ ಸೀಮೆಯ ದೊಡ್ಡಗಾಜನೂರಿನ ಹೆಸರು ಕನ್ನಡಿಗರಿಗೆ ಗೊತ್ತಿರುವುದು ಬೇರೆಯದೇ ಕಾರಣಕ್ಕೆ. ರಾಜ್‌ಕುಮಾರ್ ಹುಟ್ಟಿದ ಊರು ಅದು. 2000ದ ಜುಲೈ 30ರ ರಾತ್ರಿ ಅವರನ್ನು ವೀರಪ್ಪನ್ ಕಾಡಿಗೆ ಕರೆದೊಯ್ದದ್ದೂ ಅಲ್ಲಿಂದಲೇ. 1956ರ ರಾಜ್ಯ ವಿಂಗಡಣೆಯಲ್ಲಿ ಪಕ್ಕದ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಸೀಮೆ ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ಊರಿನ ಮಾತು ಕನ್ನಡ, ಜಿಲ್ಲಾ ಕಚೇರಿ ಈರೋಡು. ಈರೋಡಿಗೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವು ಇಳಿದು ನೂರು ಕಿಲೋಮೀಟರಿಗೂ ಮಿಕ್ಕಿ ಸಾಗಬೇಕು. ಚಾಮರಾಜನಗರ ಮಾತ್ರ ಮಗ್ಗುಲಲ್ಲೇ ಇದೆ. 2022ರ ಫೆಬ್ರುವರಿಯಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ಕಡಿವಾಣ ಬಿದ್ದ ಮೇಲೆ ಸರಕು ತರಿಸುವವರ ಲೆಕ್ಕಾಚಾರ ಇನ್ನಷ್ಟು ಬಿಗಿಯಾಗಿದೆ. ಸಿಲಿಂಡರ್ ತುಂಬಿಸಿಕೊಂಡು ಬರುವವರಿಗಂತೂ ದಾರಿಯೇ ಮೊದಲ ಚಿಂತೆ. ಬೆಸುಗೆಯ ವಿಷಯ ಹೇಳಹೊರಟು ಊರಿನ ಭೂಗೋಳ ಯಾಕೆ ಎಂದರೆ, ಯಾವ ಊರಿನಲ್ಲಿ ಯಾವ ಬೆಸುಗೆ ನಿಲ್ಲುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಗಾಳಿ, ಕರೆಂಟು ಮತ್ತು ಸಿಲಿಂಡರ್ ಬರುವ ದಾರಿ. ಹೊಸ ಯಂತ್ರ ಬಂತು, ಹಳೆಯದು ಹೋಯಿತು ಎಂಬ ಸರಳ ಕಥೆ ಇಲ್ಲಿ ನಡೆಯುವುದಿಲ್ಲ.

ಗಾಜನೂರಿನಿಂದ ತಾಳವಾಡಿ ಪೇಟೆಯ ಕಡೆಗೆ ಹೋಗುವ ದಾರಿಯಲ್ಲಿ ಇಂಥದೊಂದು ಅಂಗಡಿ. ಹಿಂಭಾಗದಲ್ಲಿ ಮೂರು ಕಡೆ ಗೋಡೆ, ಮುಂದೆ ತಗಡಿನ ಚಪ್ಪರ. ನಾನು ಹೋದಾಗ ಟ್ರ್ಯಾಕ್ಟರ್ ಟ್ರೈಲರೊಂದು ಮೂತಿ ನೆಲಕ್ಕೂರಿ ನಿಂತಿತ್ತು. ಕೊಕ್ಕೆ ಕೂರುವ ಕಡೆ ದಪ್ಪ ಪ್ಲೇಟು ಬಿರುಕು ಬಿಟ್ಟಿತ್ತು. ಅಂಗಡಿಯಾತ ಗ್ರೈಂಡರಿನಿಂದ ಬಿರುಕನ್ನು ಬುಡದವರೆಗೂ ಕೊರೆದು ಇಂಗ್ಲಿಷಿನ ವಿ ಆಕಾರದ ತೋಡು ಮಾಡುತ್ತಿದ್ದ. ತುಕ್ಕು, ಹಳೆಯ ಬಣ್ಣ, ಗ್ರೀಸು ಎಲ್ಲ ಹೋಗಿ ಬೆಳ್ಳಗೆ ಲೋಹ ಕಾಣುವವರೆಗೆ ಆತ ರಾಡು ಮುಟ್ಟಲಿಲ್ಲ. ಟ್ರೈಲರಿನ ಯಜಮಾನರಿಗೆ ಅವಸರ.

“ಗೇಟ್‌ಗ ಮಾಡ್ದಂಗ ನೈಸಾಗಿ ಸಿಒಟು ಹೊಡ್ದುಕೊಡಪ್ಪ, ನೋಡಕ್ಕೂ ಚೆಂದಾಗಿರ್ತದ.”

“ಮಾವ, ಇದು ಗೇಟಲ್ಲ. ಹಿಂದ ಲೋಡು ಜಗ್ತದ. ಈ ಗಾಳಿಗ ಗ್ಯಾಸು ನಿಲ್ಲದು, ಒಳಗೆಲ್ಲ ತೂತು ತೂತು ಆಗೋಯ್ತದ. ರಾಡೇ ಸರಿ.”

ಈ ನಾಲ್ಕು ಮಾತಿನಲ್ಲಿ ಒಂದು ಶತಮಾನದ ಲೋಹವಿದ್ಯೆ ಅಡಗಿದೆ.

ನಮ್ಮ ಕಡೆಯ ಅಂಗಡಿಗಳಲ್ಲಿ ಸಿಒಟು ಎಂದರೆ ಇಂಗಾಲದ ಡೈಆಕ್ಸೈಡ್ ಅನಿಲದ ಮರೆಯಲ್ಲಿ ನಡೆಯುವ ತಂತಿ ಬೆಸುಗೆ. ಕಾರ್ಖಾನೆಗಳಲ್ಲಿ ಮಿಗ್ ಎನ್ನುವುದೂ ಹೆಚ್ಚುಕಡಿಮೆ ಇದನ್ನೇ. ಅಲ್ಲಿ ಅನಿಲ ಆರ್ಗಾನ್ ಆಗಿರಬಹುದು, ಎರಡರ ಮಿಶ್ರಣವಾಗಿರಬಹುದು. ಕಬ್ಬಿಣ ಕರಗುವುದು ಸುಮಾರು 1,500 ಡಿಗ್ರಿಗೆ. ವಿದ್ಯುತ್ ಕಿಡಿಯ ನಡುವಿನ ಬಿಸಿ ಅದರ ಹಲವು ಪಟ್ಟು. ಅಷ್ಟು ಬಿಸಿಯಲ್ಲಿ ಕರಗಿದ ಕಬ್ಬಿಣಕ್ಕೆ ಸುತ್ತಲಿನ ಗಾಳಿ ತಾಗಿದರೆ ಆಮ್ಲಜನಕ ಅದನ್ನು ಸುಡುತ್ತದೆ, ಸಾರಜನಕ ಒಳಗೆ ಕರಗಿ ಲೋಹ ಆರುವಾಗ ಗುಳ್ಳೆಯಾಗಿ ಉಳಿಯುತ್ತದೆ. ಹಾಗಾಗಿ ಬೆಸುಗೆಯ ಇತಿಹಾಸವೆಲ್ಲ ಒಂದು ಅರ್ಥದಲ್ಲಿ ಗಾಳಿಯನ್ನು ದೂರ ಇಡುವ ಇತಿಹಾಸ. ರಾಡಿನ ಮೇಲಿನ ಲೇಪ ಉರಿದು ಹೊಗೆಯ ಮರೆ ಕಟ್ಟುತ್ತದೆ, ಮೇಲೆ ಸ್ಲ್ಯಾಗ್ ಎನ್ನುವ ಕಿಟ್ಟದ ಹೊದಿಕೆಯನ್ನೂ ಹೊದಿಸುತ್ತದೆ. ಸ್ಲ್ಯಾಗನ್ನು ಆಮೇಲೆ ಸುತ್ತಿಗೆಯಿಂದ ಕುಟ್ಟಿ ಉದುರಿಸಬೇಕು. ಸಿಒಟು ಯಂತ್ರದಲ್ಲಿ ಲೇಪವಿಲ್ಲ. ಸುರುಳಿಯಿಂದ ಬಿಚ್ಚಿಕೊಳ್ಳುತ್ತ ಬರುವ, ತಾಮ್ರದ ತೆಳು ಪೂಸು ಹೊತ್ತ 0.8 ಅಥವಾ 1.2 ಮಿ.ಮೀ. ತಂತಿ ಕೈಯಲ್ಲಿ ಹಿಡಿಯುವ ಟಾರ್ಚಿನ ಬಾಯಿಂದ ಹೊರಬರುತ್ತದೆ. ಅದರ ಸುತ್ತ ನಿಮಿಷಕ್ಕೆ 10ರಿಂದ 15 ಲೀಟರ್ ಅನಿಲ ಹರಿಯುತ್ತದೆ. ಸೆಕೆಂಡಿಗೆ 2 ಮೀಟರಿಗಿಂತ ಜೋರಾದ ಗಾಳಿ ಬಂದರೆ, ಅಂದರೆ ಗಂಟೆಗೆ ಏಳೆಂಟು ಕಿಲೋಮೀಟರ್, ಈ ಮರೆ ಚದುರುತ್ತದೆ. ಅಷ್ಟಕ್ಕೆ ಒಣಗಹಾಕಿದ ಪಂಚೆಯೂ ಸರಿಯಾಗಿ ಹಾರುವುದಿಲ್ಲ. ಆಷಾಢದ ತಾಳವಾಡಿಯಲ್ಲಿ ಆ ಲೆಕ್ಕ ಎಲ್ಲಿ ನಡೆದೀತು?

ಅಂಗಡಿಯ ಒಳಗೆ ಬೇರೆಯದೇ ಲೋಕ. ಚದರ ಪೈಪಿನ ಗೇಟೊಂದು ನೆಲದ ಮೇಲೆ ಮಲಗಿತ್ತು. ಪೈಪಿನ ಗೋಡೆ ಒಂದೂವರೆ ಮಿ.ಮೀ. ದಪ್ಪವೂ ಇಲ್ಲ. ಅದಕ್ಕೆ ಹತ್ತು ನಂಬರಿನ ರಾಡು ಹಿಡಿದರೆ ತೂತು ಬೀಳುತ್ತದೆ. ಅದಕ್ಕಿಂತ ತೆಳುವಾದ ಹನ್ನೆರಡು ನಂಬರ್ ಹಿಡಿದರೂ ಕೈ ಪಳಗಿರಬೇಕು. ಹುಡುಗನೊಬ್ಬ ಟಾರ್ಚಿನ ಗುಂಡಿ ಒತ್ತಿದ. ಸಾಸಿವೆ ಒಗ್ಗರಣೆಗೆ ಬಿದ್ದ ಹಾಗೆ ಎಡೆಬಿಡದೆ ಚಟಪಟ. ಆ ಸದ್ದು ಸಮನಾಗಿದ್ದರೆ ವೋಲ್ಟೇಜು ಮತ್ತು ತಂತಿಯ ವೇಗ ಹೊಂದಿವೆ ಎಂದರ್ಥ. ಟಪ್ ಟಪ್ ಎಂದು ತಡವರಿಸಿದರೆ ತಂತಿ ಜಾಸ್ತಿ, ವೋಲ್ಟೇಜು ಕಡಿಮೆ. ಯಂತ್ರದ ಮುಖದ ಮೇಲಿನ ಅಂಕಿಗಳನ್ನು ಯಾರೂ ನೋಡುವುದಿಲ್ಲ, ಕಿವಿಯಿಂದಲೇ ಗುಂಡಿ ತಿರುಗಿಸುತ್ತಾರೆ. ಆ ಚಟಪಟದ ಪ್ರತಿ ಸದ್ದೂ ತಂತಿಯ ತುದಿ ಕರಗಿದ ಕೊಳವನ್ನು ಮುಟ್ಟಿ, ಶಾರ್ಟ್ ಆಗಿ, ಒಂದು ಹನಿ ಬಿಟ್ಟು ಮೇಲೇಳುವ ಸದ್ದು. ಸೆಕೆಂಡಿಗೆ 20ರಿಂದ 200 ಸಲದವರೆಗೆ ಹೀಗೆ ಆಗುತ್ತದೆ.

ಇಲ್ಲಿ ನಿಜವಾದ ಜಾಣತನ ಇರುವುದು ಅನಿಲದಲ್ಲಿ ಅಲ್ಲ, ಕರೆಂಟು ಕೊಡುವ ಬಗೆಯಲ್ಲಿ. ರಾಡಿನ ಕೆಲಸದಲ್ಲಿ ರಾಡು ಕರಗಿದಷ್ಟೂ ಕೈಯನ್ನು ಕೆಳಗಿಳಿಸುತ್ತ ಹೋಗಬೇಕು. ಅಂತರ ಹೆಚ್ಚಾದರೆ ಕಿಡಿ ಆರುತ್ತದೆ, ಕಡಿಮೆಯಾದರೆ ರಾಡು ಅಂಟಿಕೊಳ್ಳುತ್ತದೆ. ಆ ಅಂದಾಜು ಕೈಗೆ ಬರಲು ತಿಂಗಳುಗಟ್ಟಲೆ ಬೇಕು. ಸಿಒಟು ಯಂತ್ರ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದು, ತಂತಿಯನ್ನು ಒಂದೇ ವೇಗದಲ್ಲಿ ತಳ್ಳುತ್ತದೆ. ಕೈ ನಡುಗಿ ಕಿಡಿ ಉದ್ದವಾಯಿತು ಎನ್ನಿ: ಕರೆಂಟು ಇಳಿಯುತ್ತದೆ, ತಂತಿ ನಿಧಾನ ಕರಗುತ್ತದೆ, ಹಿಂದಿನಿಂದ ಬರುವ ತಂತಿ ಅಂತರವನ್ನು ತುಂಬುತ್ತದೆ. ಕಿಡಿ ಗಿಡ್ಡವಾದರೆ ಕರೆಂಟು ಏರಿ ತಂತಿ ಬೇಗ ಕರಗಿ ಅಂತರ ತಾನೇ ಸರಿಹೋಗುತ್ತದೆ. ಕೈಯ ಅಂದಾಜು ಯಂತ್ರದ ಪಾಲಾಯಿತು. “ಸಿಒಟು ಕಲಿಯಕ್ಕ ಒಂದ್ ವಾರ ಸಾಕಣ್ಣ, ರಾಡು ಕಲಿಯಕ್ಕ ವರ್ಷ ಬೇಕು” ಎಂದು ಅಂಗಡಿಯಾತ ಹೇಳಿದ್ದು ಬಡಾಯಿಯಲ್ಲ. ಆದರೆ ಈ ಒಂದು ವಾರದ ವಿದ್ಯೆಯಲ್ಲಿ ಒಂದು ಮೋಸ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ವಿದ್ಯುತ್ ಬರುವ ಮೊದಲು ಬೆಸುಗೆ ಆಚಾರಿಯ ಕುಲುಮೆಯಲ್ಲಿತ್ತು. ಗಾಡಿ ಚಕ್ರದ ಕಬ್ಬಿಣದ ಪಟ್ಟೆಯ ಎರಡು ತುದಿಗಳನ್ನು ಬೆಳ್ಳಗೆ ಕಾಯಿಸಿ, ಮರಳು ಚೆಲ್ಲಿ, ಅಡಿಗಲ್ಲಿನ ಮೇಲೆ ಬಡಿದು ಒಂದು ಮಾಡುತ್ತಿದ್ದರು. 1880ರ ದಶಕದಲ್ಲಿ ರಷ್ಯಾ ಸಾಮ್ರಾಜ್ಯದ ನಿಕೊಲಾಯ್ ಬೆನಾರ್ಡೋಸ್ ಇಂಗಾಲದ ಕಡ್ಡಿಯಿಂದ ವಿದ್ಯುತ್ ಕಿಡಿ ಹಾರಿಸಿ ಲೋಹ ಕರಗಿಸಿದ. 1888ರಲ್ಲಿ ಸ್ಲಾವ್ಯಾನೋವ್ ಇಂಗಾಲದ ಬದಲು ಕರಗುವ ಲೋಹದ ಕಡ್ಡಿಯನ್ನೇ ಬಳಸಿದ. ಬರಿಯ ಕಡ್ಡಿಯ ಬೆಸುಗೆ ಗಾಳಿ ತಾಗಿ ಪೆಡಸಾಗುತ್ತಿತ್ತು. ಹಡಗಿನ ಬಾಯ್ಲರುಗಳ ರಿವೆಟ್ ಸಂದುಗಳನ್ನು ದುರಸ್ತಿ ಮಾಡುತ್ತಿದ್ದ ಸ್ವೀಡನ್ನಿನ ಎಂಜಿನಿಯರ್ ಆಸ್ಕರ್ ಷೆಲ್‌ಬೆರ್ಗ್ ಕಡ್ಡಿಗೆ ಲೇಪ ಹಚ್ಚಿದ. ಆತ 1904ರಲ್ಲಿ ಕಟ್ಟಿದ ಇಸಾಬ್ ಕಂಪನಿಯ ಹೆಸರು ಇವತ್ತಿಗೂ ನಮ್ಮ ಅಂಗಡಿಗಳ ರಾಡಿನ ಪೊಟ್ಟಣಗಳ ಮೇಲಿದೆ. ಭಾರತದಲ್ಲಿ 1951ರಲ್ಲಿ ಶುರುವಾದ ಅಡ್ವಾಣಿ ಓರ್ಲಿಕಾನ್ ಈ ವಿದ್ಯೆಯನ್ನು ಪೇಟೆಪೇಟೆಗೆ ಒಯ್ಯಿತು. ತಿರುಚಿರಾಪಳ್ಳಿಯ ಬಿಎಚ್‌ಇಎಲ್ ಆವರಣದಲ್ಲಿ 1975ರಲ್ಲಿ ಬೆಸುಗೆಗೆಂದೇ ಸಂಶೋಧನಾ ಸಂಸ್ಥೆ ಬಂತು.

ಅನಿಲದ ಯೋಚನೆ ಬಂದದ್ದು ಅಮೆರಿಕದಲ್ಲಿ. 1920ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ನೊಬೆಲ್ ಎಂಬವರು ಬರಿಯ ತಂತಿಯನ್ನು ಯಂತ್ರದಿಂದಲೇ ಉಣಿಸುವ ಬೆಸುಗೆ ಮಾಡಿ ತೋರಿಸಿದ್ದರು; ಅನಿಲದ ಮರೆ ಇರಲಿಲ್ಲ. 1926ರಲ್ಲಿ ಹೊಬಾರ್ಟ್ ಮತ್ತು ಡೆವರ್ಸ್ ಹೀಲಿಯಂ, ಆರ್ಗಾನ್ ಅನಿಲಗಳ ಮರೆಯಲ್ಲಿ ಕಿಡಿ ಹಾರಿಸಿದರು. ಎರಡೂ ಯಾವುದರ ಜೊತೆಗೂ ಕೂಡದ ಅನಿಲಗಳು. ಹೀಲಿಯಂಗೂ ನಮ್ಮ ದಕ್ಷಿಣಕ್ಕೂ ನಂಟಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಗುಂಟೂರಿನಲ್ಲಿ ನಿಂತು ನೋಡಿದ ಫ್ರೆಂಚ್ ವಿಜ್ಞಾನಿ ಜಾನ್ಸೆನ್‌ನ ಅವಲೋಕನವೇ ಆ ಧಾತುವಿನ ಜಾಡು ಹಿಡಿಯಲು ದಾರಿಯಾಯಿತು. ಹೊಬಾರ್ಟರ ಕಾಲಕ್ಕೆ ಅದು ಅಮೆರಿಕದ ನೈಸರ್ಗಿಕ ಅನಿಲದ ಬಾವಿಗಳಿಂದ ಬರುತ್ತಿತ್ತು, ದುಬಾರಿಯಾಗಿತ್ತು. ಹಾಗಾಗಿ ಅವರ ಪೇಟೆಂಟು ಕಪಾಟಿನಲ್ಲೇ ಕೂತಿತು.

ಅದನ್ನು ಹೊರಗೆಳೆದದ್ದು ವಿಮಾನ. ಎರಡನೆಯ ಮಹಾಯುದ್ಧದ ಹೊತ್ತಿಗೆ ಹಗುರವಾದ ಮೆಗ್ನೀಸಿಯಂ, ಅಲ್ಯೂಮಿನಿಯಂ ಬೇಕಾದವು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಅದರ ಮೈಮೇಲಿನ ಆಕ್ಸೈಡ್ ಪೊರೆ ಕರಗುವುದು 2,000 ಡಿಗ್ರಿ ದಾಟಿದ ಮೇಲೆ. ಒಳಗೆ ನೀರಾದರೂ ಹೊರಗೆ ಸಿಪ್ಪೆ ಹಾಗೇ ಇರುತ್ತದೆ. 1941ರಲ್ಲಿ ನಾರ್ತ್ರಪ್ ವಿಮಾನ ಕಂಪನಿಯ ರಸೆಲ್ ಮೆರೆಡಿತ್ ಹೀಲಿಯಂ ಮರೆಯಲ್ಲಿ ಟಂಗ್‌ಸ್ಟನ್ ಮೊನೆಯ ಬೆಸುಗೆಯನ್ನು ಹದಕ್ಕೆ ತಂದರು. ಇವತ್ತು ಟಿಗ್ ಎನ್ನುವುದು ಅದನ್ನೇ. (ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರುಮಾಡಿದ್ದು 1940ರ ಡಿಸೆಂಬರಿನಲ್ಲಿ. ಅದೂ ಅಲ್ಯೂಮಿನಿಯಂ ಕಾಲವೇ, ಆದರೆ ವಿಮಾನದ ಹೊದಿಕೆಗೆ ರಿವೆಟ್ಟೇ ಗತಿ.) ಟಿಗ್‌ನ ಬೆಸುಗೆ ಅಚ್ಚುಕಟ್ಟು, ವೇಗ ಮಾತ್ರ ಆಮೆಯದು. ದಪ್ಪ ತಗಡಿಗೆ ಅದು ಸಾಲದು. 1948ರಲ್ಲಿ ಏರ್ ರಿಡಕ್ಷನ್ ಕಂಪನಿಯ ದುಡ್ಡಿನಲ್ಲಿ ಬ್ಯಾಟೆಲ್ ಸಂಶೋಧನಾ ಸಂಸ್ಥೆ ಟಂಗ್‌ಸ್ಟನ್ನಿನ ಜಾಗದಲ್ಲಿ ಕರಗುವ ತಂತಿಯನ್ನೇ ಇಟ್ಟು, ಸದಾ ಉಣಿಸುವ ಯಂತ್ರ ಜೋಡಿಸಿತು. ಸಣ್ಣ ತಂತಿ, ಒಂದೇ ಮಟ್ಟದ ವೋಲ್ಟೇಜು: ಮೇಲೆ ಹೇಳಿದ ಜಾಣತನ ಕೂಡಿದ್ದು ಆಗಲೇ.

ಆದರೆ ಅದು ಅಲ್ಯೂಮಿನಿಯಂನ ಸಿರಿವಂತ ವಿದ್ಯೆಯಾಗಿಯೇ ಉಳಿಯುತ್ತಿತ್ತು. ಆರ್ಗಾನ್ ಗಾಳಿಯಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಗಾಳಿಯನ್ನು ದ್ರವವಾಗಿಸಿ ಬೇರ್ಪಡಿಸಬೇಕು. ಉಕ್ಕಿನ ಕೆಲಸಕ್ಕೆ ಅಷ್ಟು ದುಡ್ಡು ಸುರಿಯುವವರು ಯಾರು? 1953ರಲ್ಲಿ ಸೋವಿಯತ್ ಒಕ್ಕೂಟದ ಲ್ಯುಬಾವ್‌ಸ್ಕಿ ಮತ್ತು ನೊವೊಝಿಲೋವ್ ಅಗ್ಗದ ಇಂಗಾಲದ ಡೈಆಕ್ಸೈಡಿನಲ್ಲೇ ಉಕ್ಕು ಬೆಸೆಯಬಹುದು ಎಂದು ತೋರಿಸಿದರು. ಕಾಕಂಬಿ ಹುದುಗುವ ಡಿಸ್ಟಿಲರಿಯಲ್ಲಿ ಗುಳ್ಳೆಯಾಗಿ ಏಳುವುದೂ ಸೋಡಾ ಬಾಟಲಿಯಲ್ಲಿ ಬುಸ್ಸೆನ್ನುವುದೂ ಇದೇ ಅನಿಲ. ಮೇಲ್ನೋಟಕ್ಕೆ ಇದು ಹುಚ್ಚು ಯೋಚನೆ. ಕಿಡಿಯ ಬಿಸಿಗೆ ಈ ಅನಿಲ ಒಡೆದು ಆಮ್ಲಜನಕವನ್ನೇ ಬಿಡುತ್ತದೆ. ಕಳ್ಳನನ್ನು ಹೊರಗಿಡಲು ಹೋಗಿ ಒಳಗೇ ಕರೆದಂತಾಯಿತು. ಪರಿಹಾರ ತಂತಿಯೊಳಗಿತ್ತು. ಅದರಲ್ಲಿ ಸುಮಾರು ಒಂದೂವರೆ ಶೇಕಡಾ ಮ್ಯಾಂಗನೀಸ್, ಸುಮಾರು 1 ಶೇಕಡಾ ಸಿಲಿಕಾನ್ ಸೇರಿಸಿದರೆ ಅವು ಕಬ್ಬಿಣಕ್ಕಿಂತ ಮೊದಲು ಆಮ್ಲಜನಕವನ್ನು ಹಿಡಿದುಕೊಂಡು ತೇಲುತ್ತವೆ. ಸಿಒಟು ಹೊಡೆದ ಬೆಸುಗೆಯ ಮೇಲೆ ಅಲ್ಲಲ್ಲಿ ಕಂದು ಗಾಜಿನ ಚೂರಿನಂಥ ಕಲೆ ಕಾಣುವುದು ಅದೇ. ಗೇಟಿಗೆ ಬಣ್ಣ ಹೊಡೆಯುವ ಮುಂಚೆ ಅದನ್ನು ಉಜ್ಜಿ ತೆಗೆಯದಿದ್ದರೆ ಬಣ್ಣ ಅಲ್ಲೇ ಮೊದಲು ಏಳುತ್ತದೆ. 1950ರ ದಶಕದ ಕೊನೆಗೆ ಸಣ್ಣ ತಂತಿಯಲ್ಲಿ, ಕಡಿಮೆ ಕರೆಂಟಿನಲ್ಲಿ ಮುಟ್ಟಿ ಮುಟ್ಟಿ ಹನಿಬಿಡುವ ಪದ್ಧತಿ ಹದಕ್ಕೆ ಬಂತು, ತೆಳುತಗಡಿಗೂ ಈ ವಿದ್ಯೆ ಒಗ್ಗಿತು. ಆಮೇಲೆ ಮೋಟಾರು ಉದ್ಯಮ ಅದನ್ನು ಬಿಡಲಿಲ್ಲ.

ಲಾಭದ ಲೆಕ್ಕ ಸುಲಭ. ರಾಡು ಒಂದು ಮೊಳದಷ್ಟು ಉದ್ದ. ಮುಗಿಯುತ್ತಲೇ ತುಂಡು ಬಿಸಾಡಿ ಹೊಸದು ಸಿಕ್ಕಿಸಬೇಕು, ಸ್ಲ್ಯಾಗ್ ಕುಟ್ಟಬೇಕು. ಕೊಂಡ ರಾಡಿನ ತೂಕದಲ್ಲಿ ಮೂರನೇ ಒಂದು ಪಾಲು ಲೇಪವಾಗಿ, ಹೊಗೆಯಾಗಿ, ತುಂಡಾಗಿ ಹೋಗುತ್ತದೆ. 15 ಕಿಲೋದ ತಂತಿಸುರುಳಿಯಲ್ಲಿ ಹೆಚ್ಚುಕಡಿಮೆ ಅಷ್ಟೂ ಬೆಸುಗೆಗೆ ಇಳಿಯುತ್ತದೆ. ದಿನಕ್ಕೆ ಸಾವಿರ ಸಲ ಒಂದೇ ಬಗೆಯ ಸಂದು ಬೆಸೆಯುವ ಕಾರ್ಖಾನೆಗೆ ಇದು ವರ. ಕೆಜಿಎಫ್‌ನ ಬಿಇಎಂಎಲ್ ಘಟಕದಲ್ಲಿ ಬುಲ್ಡೋಜರು, ಎಕ್ಸ್‌ಕವೇಟರು ತಯಾರಾಗುತ್ತವೆ. ಅಂಥ ಯಂತ್ರಗಳ ದಪ್ಪ ಪ್ಲೇಟುಗಳನ್ನು ಗಾಳಿ ನುಗ್ಗದ ಶೆಡ್ಡಿನಲ್ಲಿ, ಜಾಬನ್ನೇ ತಿರುಗಿಸಿ ತಿರುಗಿಸಿ ತಂತಿಯಿಂದ ತುಂಬುತ್ತಾರೆ. 1964ರಲ್ಲಿ ಹುಟ್ಟಿದ ಆ ಕಂಪನಿ ಎಚ್‌ಎಎಲ್‌ನಿಂದ ಬಳುವಳಿಯಾಗಿ ಪಡೆದ ಬೆಂಗಳೂರಿನ ರೈಲು ಬೋಗಿ ಘಟಕದಿಂದ ಮುಂದೆ ನಮ್ಮ ಮೆಟ್ರೋದ ಸ್ಟೇನ್‌ಲೆಸ್ ಸ್ಟೀಲ್ ಬೋಗಿಗಳೂ 2024ರಲ್ಲಿ ವಂದೇ ಭಾರತ್ ಸ್ಲೀಪರ್ ರೈಲಿನ ಮೊದಲ ಮಾದರಿಯೂ ಹೊರಬಂದವು. ಬಿಡದಿಯ ಟೊಯೋಟಾದಂಥ ಕಾರು ಕಾರ್ಖಾನೆಗಳಲ್ಲಿ, ಮೈಸೂರು ಬಳಿಯ ದ್ವಿಚಕ್ರ ವಾಹನ ಘಟಕಗಳಲ್ಲಿ ಟಾರ್ಚು ಹಿಡಿಯುವ ಕೈ ಹೆಚ್ಚಾಗಿ ರೋಬೋಟಿನದು. ಕೈಯ ಅಂದಾಜು ಬೇಡವಾದ ವಿದ್ಯೆಗೆ ಕೊನೆಗೆ ಕೈಯೂ ಬೇಡವಾಯಿತು.

ತಾಳವಾಡಿ ಸೀಮೆಯ ಹುಡುಗರು ಎರಡೂ ದಿಕ್ಕಿಗೆ ಹೋಗುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನಂಜನಗೂಡು, ಮೈಸೂರು, ಬೆಂಗಳೂರು ಸಲೀಸು. ತಮಿಳು ಬಾಯಿಗೆ ಬಂದವರು ಘಾಟಿ ಇಳಿದು ಕೊಯಮತ್ತೂರಿನ ಪಂಪು, ಮೋಟಾರು ಕಾರ್ಖಾನೆಗಳ ಕಡೆ ನಡೆಯುತ್ತಾರೆ. ಐಟಿಐನಲ್ಲಿ ವೆಲ್ಡರ್ ಟ್ರೇಡ್ ಒಂದೇ ವರ್ಷದ್ದಾದ್ದರಿಂದ ಮನೆಯಲ್ಲಿ ದುಡಿಮೆ ಬೇಗ ಬೇಕಾದವರು ಅದನ್ನು ಆರಿಸಿಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ಅವರಿಗೆ ಸಿಗುವುದು ಸಿಒಟು ಟಾರ್ಚು. ನಾಲ್ಕು ವರ್ಷ ದುಡಿದು ಊರಿಗೆ ಮರಳಿ ಅಂಗಡಿ ಇಟ್ಟರೆ ಬಾಗಿಲಿಗೆ ಬರುವುದು ಬಿರುಕುಬಿಟ್ಟ ನೇಗಿಲು, ಕೊಳವೆ ಬಾವಿಯ ಕೇಸಿಂಗ್ ಪೈಪು, ಹಿಂಬದಿ ಮುರಿದ ಕಲ್ಟಿವೇಟರು. ಒಂದು ಇದ್ದಂತೆ ಇನ್ನೊಂದಿಲ್ಲ. ತುಕ್ಕು, ಮಣ್ಣು, ಗ್ರೀಸು ಹಿಡಿದ ಕಬ್ಬಿಣ. ಯಾವ ಉಕ್ಕು ಎಂದು ಯಾರಿಗೂ ಗೊತ್ತಿಲ್ಲ. ಕೇಸಿಂಗ್ ಪೈಪನ್ನಂತೂ ಹೊಲದ ನಡುವೆ, ರಿಗ್ಗಿನ ಪಕ್ಕ, ಒಂದು ತುಂಡು ಕೆಳಗಿಳಿದಂತೆ ಇನ್ನೊಂದನ್ನು ನಿಲ್ಲಿಸಿ ಬೆಸೆಯಬೇಕು. ಅಲ್ಲಿಗೆ ಸಿಲಿಂಡರು, ತಂತಿ ಉಣಿಸುವ ಫೀಡರು ಹೊತ್ತುಕೊಂಡು ಹೋಗುವವರುಂಟೇ? ರಾಡಿನ ಕಟ್ಟು, ಹೆಗಲಿಗೆ ಹಾಕಿಕೊಳ್ಳುವ ಇನ್‌ವರ್ಟರ್ ಯಂತ್ರ, ಮುಗಿಯಿತು. ಹಿಂದೆ ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರ್ ಯಂತ್ರವನ್ನು ನಾಲ್ಕು ಜನ ಎತ್ತಬೇಕಿತ್ತು. ಅದು ಶುರುವಾದರೆ ಬೀದಿಯ ದೀಪಗಳು ಮಂಕಾಗುತ್ತಿದ್ದವು. ಹಳ್ಳಿಯ ಬೆಸುಗೆಗೆ ದೊಡ್ಡ ಉಪಕಾರ ಮಾಡಿದ್ದು ಅನಿಲಕ್ಕಿಂತ ಈ ಪುಟ್ಟ ಇನ್‌ವರ್ಟರೇ ಎಂದು ನನ್ನ ಎಣಿಕೆ.

ಈಗ ಆ ಮೋಸದ ವಿಷಯ. ಕಡಿಮೆ ಕರೆಂಟಿನಲ್ಲಿ ಮುಟ್ಟಿ ಮುಟ್ಟಿ ಬೆಸೆಯುವ ಸಿಒಟು ದಪ್ಪ ಪ್ಲೇಟಿನ ಮೇಲೆ ಬಲು ಚೆಂದ ಕೂರುತ್ತದೆ. ಸಮನಾದ ಅಲೆ, ಸ್ಲ್ಯಾಗ್ ಇಲ್ಲ, ಮುಟ್ಟಿದರೆ ನುಣುಪು. ಆದರೆ ಕೆಳಗಿನ ಲೋಹ ಕರಗಿಯೇ ಇಲ್ಲದಿರಬಹುದು. ಮೇಲಿನ ಲೋಹ ಅದರ ಮೇಲೆ ಬರಿದೇ ಅಂಟಿ ಮಲಗಿರುತ್ತದೆ. ಬೆಸುಗೆಯವರು ಇದನ್ನು ಕೋಲ್ಡ್ ಲ್ಯಾಪ್ ಎನ್ನುತ್ತಾರೆ. ಕಣ್ಣಿಗೆ ಕಾಣದು, ಲೋಡು ಬಿದ್ದ ದಿನ ಸಿಪ್ಪೆಯ ಹಾಗೆ ಕಳಚಿಕೊಳ್ಳುತ್ತದೆ. ಅಮೆರಿಕದ ಕಟ್ಟಡ ಉಕ್ಕಿನ ಬೆಸುಗೆ ಸಂಹಿತೆ ಕೂಡ ಈ ಪದ್ಧತಿಯನ್ನು ಪರೀಕ್ಷೆಯಿಲ್ಲದೆ ಒಪ್ಪುವುದಿಲ್ಲ. ಕಾರ್ಖಾನೆಯವರು ಕರೆಂಟು ಏರಿಸಿ, ಆರ್ಗಾನ್ ಬೆರೆಸಿ, ಲೋಹವನ್ನು ಸಣ್ಣ ಹನಿಗಳ ತುಂತುರಾಗಿ ಸುರಿಸುತ್ತಾರೆ. 1.2 ಮಿ.ಮೀ. ತಂತಿಗೆ ಅದಕ್ಕೆ 220 ಆಂಪಿಯರಿಗೂ ಮಿಕ್ಕ ಕರೆಂಟು ಬೇಕು. ಹಳ್ಳಿಯ ಸಿಂಗಲ್ ಫೇಸಿನ ಪುಟ್ಟ ಯಂತ್ರ ಅಲ್ಲಿಯವರೆಗೆ ಏರದು. ರಾಡು ಒರಟಾದರೂ ಕೆಳಗಿನ ಲೋಹವನ್ನು ಅಗೆದುಕೊಂಡು ಹೋಗುತ್ತದೆ, ತಪ್ಪು ಮಾಡಿದರೆ ಕಣ್ಣಿಗೆ ಕಾಣುವ ಹಾಗೆ ಮಾಡುತ್ತದೆ. ಕೊಕ್ಕೆಯ ಪ್ಲೇಟಿಗೆ ಸಿಒಟು ಬೇಡ ಎಂದ ಅಂಗಡಿಯಾತ ಗಾಳಿಯ ನೆಪ ಹೇಳಿದ. ಗಾಳಿ ಇಲ್ಲದ ದಿನವೂ ಅವನ ಉತ್ತರ ಅದೇ ಆಗಿರುತ್ತಿತ್ತು. ಚೆಂದದ ಬೆಸುಗೆ ಕೇಳುವ ಗಿರಾಕಿಗಳಿಗೆ ಇದು ಗೊತ್ತಿಲ್ಲ. ಗೊತ್ತಿದ್ದೂ ಹೊಡೆದುಕೊಡುವ ಅಂಗಡಿಗಳು ಹೆದ್ದಾರಿಯುದ್ದಕ್ಕೂ ಇವೆ ಎಂಬುದು ಬೇಸರದ ಸಂಗತಿ.

ಉಕ್ಕಿನ ಜಾತಿ ಅರಿಯದೆ ಬೆಸೆದರೆ ಏನಾಗುತ್ತದೆ ಎನ್ನುವುದಕ್ಕೆ ಕಾಡಂಚಿನ ಬೇಲಿಗಿಂತ ಒಳ್ಳೆಯ ಪಾಠ ಬೇಕಿಲ್ಲ. ತಾಳವಾಡಿಯ ಸುತ್ತ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಆನೆ ಹೊಲಕ್ಕೆ ಇಳಿಯುವುದು ಇಲ್ಲಿ ಸುದ್ದಿಯೇ ಅಲ್ಲ. ಕರುಪ್ಪನ್ ಎಂದು ಹೆಸರಾದ ಒಂಟಿಸಲಗವನ್ನು 2023ರ ಏಪ್ರಿಲಿನಲ್ಲಿ ಹಿಡಿದು ಸಾಗಿಸಿದಾಗ ಮಾತ್ರ ಸುದ್ದಿಯಾಯಿತು. ಕರ್ನಾಟಕದ ಕಡೆ ಹಳೆಯ ರೈಲು ಹಳಿಗಳನ್ನು ನೆಟ್ಟು, ಅಡ್ಡಕ್ಕೆ ಹಳಿಗಳನ್ನೇ ಜೋಡಿಸಿ ತಡೆಗೋಡೆ ಕಟ್ಟಿದ್ದಾರೆ. ನಾಗರಹೊಳೆಯ ವೀರನಹೊಸಹಳ್ಳಿಯಲ್ಲಿ 2018ರ ಡಿಸೆಂಬರಿನಲ್ಲಿ ಅದನ್ನು ದಾಟಹೋದ ಸಲಗವೊಂದು ಹಳಿಯ ಮೇಲೆ ಸಿಕ್ಕಿ ಸತ್ತಿತು. ಆ ಚಿತ್ರ ನೋಡಿದವರು ಮರೆತಿರಲಾರರು. ಬೇಲಿ ಬೇಕೋ ಬೇಡವೋ ಎಂಬ ಚರ್ಚೆ ಬೇರೆ. ಬೆಸುಗೆಯವರ ಕಣ್ಣಿಗೆ ಹಳಿ ಎಂದರೆ ಇಂಗಾಲ ಹೆಚ್ಚಿರುವ ಉಕ್ಕು. ಗೇಟಿನ ಪೈಪಿನಲ್ಲಿರುವುದಕ್ಕಿಂತ ಹಲವು ಪಟ್ಟು. ತಣ್ಣನೆಯ ಹಳಿಗೆ ನೇರ ಬೆಸುಗೆ ಹಾಕಿದರೆ ಸುತ್ತಲಿನ ದಪ್ಪ ಲೋಹ ಬಿಸಿಯನ್ನು ಥಟ್ಟನೆ ಹೀರಿ, ಬೆಸುಗೆಯ ಅಂಚು ಗಾಜಿನಂತೆ ಪೆಡಸಾಗುತ್ತದೆ. ಆರಿದ ಮೇಲೆ, ಕೆಲವೊಮ್ಮೆ ಮಾರನೆಯ ದಿನ, ಸಣ್ಣಗೆ ಬಿರುಕು. ಹಾಗಾಗಿ ಮೊದಲು ಹಳಿಯನ್ನು ಚೆನ್ನಾಗಿ ಕಾಯಿಸಬೇಕು, ತೇವವಿಲ್ಲದ ರಾಡು ಬಳಸಬೇಕು, ನಿಧಾನವಾಗಿ ಆರಲು ಬಿಡಬೇಕು. ಹಳೆಯ ಹಳಿಯ ತುಂಡನ್ನು ಅಡಿಗಲ್ಲಾಗಿ ಇಟ್ಟುಕೊಂಡ ಅಂಗಡಿಗಳು ಎಷ್ಟೋ ಇವೆ. ಅದಕ್ಕೆ ಕಾಲು ಬೆಸೆಯಲು ಹೋಗಿ ಬೇಸ್ತು ಬಿದ್ದವರೂ ಅಷ್ಟೇ ಇದ್ದಾರೆ.

ಸಿಲಿಂಡರಿನ ಸ್ವಭಾವವನ್ನೂ ಒಂದಿಷ್ಟು ಹೇಳಬೇಕು. ಡೈಆಕ್ಸೈಡ್ ಸಿಲಿಂಡರಿನ ಒಳಗೆ ದ್ರವವಾಗಿ ಇರುತ್ತದೆ. 20 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 57 ಬಾರ್. ದ್ರವ ಒಂದು ಹನಿ ಉಳಿದಿರುವವರೆಗೂ ಮೀಟರಿನ ಮುಳ್ಳು ಅಲುಗದು. ತುಂಬಿದ ದಿನವೂ ಅದೇ, ಮುಗಿಯುವ ಹಿಂದಿನ ದಿನವೂ ಅದೇ. ಉಳಿದಿರುವುದೆಷ್ಟು ಎಂದು ತಿಳಿಯಲು ತೂಕ ಹಾಕಬೇಕು, ಇಲ್ಲವೇ ಬಡಿದು ಸದ್ದು ಕೇಳಿ ಅಂದಾಜಿಸಬೇಕು. ದ್ರವ ಅನಿಲವಾಗುವಾಗ ರೆಗ್ಯುಲೇಟರ್ ಹೆಪ್ಪುಗಟ್ಟುತ್ತದೆಂದು ಅದಕ್ಕೊಂದು ಹೀಟರ್ ಕೊಟ್ಟಿರುತ್ತಾರೆ. ಹೀಟರ್ ಕೆಟ್ಟರೆ ಹಳ್ಳಿಯ ಮದ್ದು ಬಿಸಿನೀರಿನ ಬಟ್ಟೆ. ಸಿಲಿಂಡರ್ ಬೇಡವೆನ್ನುವವರಿಗೆ ಈಗ ಒಳಗೇ ಪುಡಿ ತುಂಬಿದ ಕೊಳವೆ ತಂತಿ ಬಂದಿದೆ. ಪುಡಿಯೇ ಉರಿದು ಮರೆ ಕಟ್ಟುತ್ತದೆ. ರಾಡನ್ನು ಒಳಹೊರಗು ಮಾಡಿ ಸುರುಳಿ ಸುತ್ತಿದಂತೆ ಅದು. ಗಾಳಿಗೂ ನಡೆಯುತ್ತದೆ, ಹೊಗೆ ಜಾಸ್ತಿ, ಸ್ಲ್ಯಾಗ್ ಮತ್ತೆ ಕುಟ್ಟಬೇಕು, ತಂತಿ ದುಬಾರಿ. ಮಳೆಗಾಲದಲ್ಲಿ ತೇವ ಹಿಡಿದರೆ ಹುಳು ತಿಂದ ಹಾಗೆ ತೂತು.

ಹೊಗೆಯ ಮಾತು ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ಬೆಸುಗೆಯ ಹೊಗೆಯನ್ನೂ ಅದರ ನೇರಳಾತೀತ ಬೆಳಕನ್ನೂ ಕ್ಯಾನ್ಸರ್ ತರುವ ಖಚಿತ ಕಾರಣಗಳ ಪಟ್ಟಿಗೆ ಸೇರಿಸಿತು. ಸತು ಪೂಸಿದ ಜಿಐ ಪೈಪು ಬೆಸೆದ ರಾತ್ರಿ ಚಳಿಜ್ವರ ಬರುವುದು ಎಲ್ಲ ಅಂಗಡಿಗಳಿಗೂ ಗೊತ್ತು. ಅದು ಸತುವಿನ ಹೊಗೆಯ ಜ್ವರ. ಹಾಲು ಕುಡಿದರೆ, ಬಾಳೆಹಣ್ಣು ಬೆಲ್ಲ ತಿಂದರೆ ಹೋಗುತ್ತದೆ ಎಂಬ ನಂಬಿಕೆಗೆ ಬೇರೇನೂ ಆಧಾರವಿಲ್ಲ, ಒಂದೆರಡು ದಿನಕ್ಕೆ ಅದು ತಾನೇ ಇಳಿಯುತ್ತದೆ. ಪೂಸನ್ನು ಮೊದಲು ಉಜ್ಜಿ ತೆಗೆದರೆ ಜ್ವರವೇ ಬಾರದು, ಆದರೆ ಉಜ್ಜುವ ಕೂಲಿಯನ್ನು ಗಿರಾಕಿ ಕೊಡುವುದಿಲ್ಲ. ಕಣ್ಣಿಗೆ ವೆಲ್ಡಿಂಗ್ ಹೊಡೆದ ರಾತ್ರಿ ರೆಪ್ಪೆಯೊಳಗೆ ಮರಳು ತುಂಬಿದಂತೆ ಉರಿ. ಆಲೂಗಡ್ಡೆ ಬಿಲ್ಲೆ ಇಟ್ಟು ಮಲಗುತ್ತಾರೆ. ತಂತಿಯ ಕಿಡಿಯ ಬೆಳಕು ರಾಡಿನದಕ್ಕಿಂತ ಕಟುವಾದದ್ದು, ಮರೆಮಾಡಲು ದಟ್ಟ ಹೊಗೆಯೂ ಇರುವುದಿಲ್ಲ. ಹೀಗಿದ್ದೂ ಜಾಗ ಹಿಡಿಸಲು ಚುಕ್ಕಿಯಂಥ ಟ್ಯಾಕ್ ಬೆಸುಗೆ ಹಾಕುವಾಗ ಮುಖ ತಿರುಗಿಸಿ ಕಣ್ಣು ಮುಚ್ಚುವುದೇ ರೂಢಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಟ್ಯಾಂಕಿನ ಒಳಗೆ ಗ್ಯಾಸು ಬಿಟ್ಟುಕೊಂಡು ಕೂತರೆ ಇನ್ನೊಂದು ಅಪಾಯ: ಆರ್ಗಾನೂ ಡೈಆಕ್ಸೈಡೂ ಗಾಳಿಗಿಂತ ಭಾರ, ತಳದಲ್ಲಿ ನಿಂತು ಉಸಿರಾಡುವ ಗಾಳಿಯನ್ನು ಮೇಲಕ್ಕೆ ತಳ್ಳುತ್ತವೆ. ಗಾಳಿಯನ್ನು ಕೆಲಸದಿಂದ ದೂರ ಇಡಬೇಕು, ಕೆಲಸಗಾರನಿಂದಲ್ಲ.

ಇತ್ತ ಟ್ರೈಲರಿನ ಕೆಲಸ ಮುಗಿಯುತ್ತ ಬಂದಿತ್ತು. ಒಂದರ ಮೇಲೊಂದು ಪದರ ಹಾಕಿ, ಪ್ರತಿ ಪದರದ ಸ್ಲ್ಯಾಗ್ ಕುಟ್ಟಿ, ತಂತಿ ಬ್ರಷ್ಷಿನಿಂದ ಉಜ್ಜಿ ಅಂಗಡಿಯಾತ ತೋಡನ್ನು ತುಂಬಿಸಿದ್ದ. ಯಜಮಾನರು ಎರಡು ಸಲ ಸಮಯ ನೋಡಿಕೊಂಡರು. ಮೂಲೆಯಲ್ಲಿ ಸವೆದ ಕಲ್ಟಿವೇಟರ್ ಹಲ್ಲುಗಳ ರಾಶಿ. ಅವಕ್ಕೂ ಇದೇ ಚಿಕಿತ್ಸೆ. ಮೊನೆಯ ಮೇಲೆ ಗಡುಸು ರಾಡಿನಿಂದ ಲೋಹ ಏರಿಸಿ ಮತ್ತೆ ಉದ್ದ ಮಾಡುವುದು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ರೋಲರಿನ ಸವೆದ ಹಲ್ಲುಗಳ ಮೇಲೂ ಹೀಗೆಯೇ ಬೆಸುಗೆ ಹಾಕುತ್ತಾರೆ. ಈ ಪದರದ ಮೇಲೆ ಪದರ ಎಂಬುದನ್ನೇ ಡಚ್ಚರ ಎಂಎಕ್ಸ್‌3ಡಿ ಎಂಬ ಕಂಪನಿ ರೋಬೋಟಿನ ಕೈಗೆ ಮಿಗ್ ಟಾರ್ಚು ಕೊಟ್ಟು ಮಾಡಿತು. ಬರಿಯ ತಂತಿಯನ್ನು ಕರಗಿಸುತ್ತ ಕರಗಿಸುತ್ತ, ಅಚ್ಚಿಲ್ಲದೆ, ಸುಮಾರು 12 ಮೀಟರಿನ ಕಾಲುಸೇತುವೆಯನ್ನೇ ಬೆಳೆಸಿದರು. 2021ರ ಜುಲೈನಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಾಲುವೆಯ ಮೇಲೆ ಅದನ್ನು ಜನರಿಗೆ ತೆರೆದರು. ಆಸ್ಟ್ರಿಯಾದ ಫ್ರೋನಿಯಸ್ ಕಂಪನಿ 2000ದ ದಶಕದ ಮಧ್ಯದಲ್ಲಿ ತಂದ ಯಂತ್ರವಂತೂ ಪ್ರತಿ ಹನಿ ಬಿಡುವಾಗ ತಂತಿಯನ್ನು ಹಿಂದಕ್ಕೆ ಎಳೆದುಕೊಂಡು ಬಿಸಿಯನ್ನು ತಗ್ಗಿಸುತ್ತದೆ. ಉಕ್ಕಿಗೆ ಅಲ್ಯೂಮಿನಿಯಂ ಕೂಡಿಸುವಷ್ಟು ನಯ.

ಸೇತುವೆಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಅಂಗಡಿಯಾತ ಕಪ್ಪು ಗ್ಲಾಸು ಮೇಲೆತ್ತಿ, ಚಿತ್ರವನ್ನು ದೊಡ್ಡದು ಮಾಡಿ, ಸೇತುವೆಯ ಕೈಹಿಡಿ ಕಂಬಿಯ ಪದರಗಳನ್ನು ಎಣಿಸುವ ಹಾಗೆ ನೋಡಿದ. ಬೆಸುಗೆಯ ಗೆರೆ ಸಮ ಇಲ್ಲ, ಅಲ್ಲಲ್ಲಿ ಉಬ್ಬಿದೆ ಎಂದು ತಪ್ಪು ತೆಗೆದ.

“ಯಾವ ವೈರಂತ ಅಣ್ಣ?”

“ಸ್ಟೇನ್‌ಲೆಸ್.”

“ಅಷ್ಟೂ ಸ್ಟೇನ್‌ಲೆಸ್ಸಾ? ಕಿಲೋಗ ಎಷ್ಟು ಬಿತ್ತಂತ ಕೇಳಿದ್ರಾ?” ಎಂದವನೇ, ನನ್ನ ಉತ್ತರಕ್ಕೆ ಕಾಯದೆ, ಟ್ರೈಲರಿನ ಯಜಮಾನರ ಕಡೆ ತಿರುಗಿದ. “ಮಾವ, ರಾಡು ಒಂದೂವರೆ ಪ್ಯಾಕೆಟ್ ಹಿಡೀತು. ಕೂಲಿ ನೀವೇ ನೋಡಿ ಕೊಡಿ. ಸಂಜಗಂಟ ಲೋಡು ಹಾಕಬ್ಯಾಡಿ.”